ಎರಡು ಬೆರಳ ತುದಿಯಷ್ಟು ಕ್ರೀಮು

ಮಾಟುಂಗದ ಕಿಂಗ್ಸ್ ಸರ್ಕಲ್ ಹತ್ತಿರದ ಹೋಟೆಲೊಂದರ ಗಲ್ಲೆಯಲ್ಲಿ ಕೂರಲು ಶುರುಮಾಡಿ ನನಗೆ ಹದಿನಾರು ವರ್ಷವಾಯಿತು. ಊರು ಕುಂದಾಪುರದ ಕಡೆ. ಮಳೆಗಾಲದಲ್ಲಿ ಮುಂಬಯಿಯ ಖೋಲಿಯೊಳಗೆ ಬಟ್ಟೆಯೂ ಒಣಗುವುದಿಲ್ಲ, ಮೈಯೂ ಒಣಗುವುದಿಲ್ಲ. ಅರೆಹಸಿ ಚಡ್ಡಿ, ಮೇಲೊಂದು ಬಿಗಿ ಪ್ಯಾಂಟು, ಹತ್ತು ತಾಸು ರೆಕ್ಸಿನ್ ಕುರ್ಚಿ. ಮೂರು ಮಳೆಗಾಲದ ಹಿಂದೆ ತೊಡೆಸಂದಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಉಂಗುರವೊಂದು ಎದ್ದಿತು. ನಮ್ಮಲ್ಲಿ ಗಜಕರ್ಣ ಅಂತಾರೆ, ಕೆಲವರಿಗೆ ಹುಳುಕಡ್ಡಿ. ಇಲ್ಲಿಯ ಮರಾಠಿಯವರಿಗೂ ಅದು ಗಜಕರ್ಣವೇ. ಹುಳು ಅಂತ ಹೆಸರಿದ್ದರೂ ಅದು ಹುಳುವಲ್ಲ, ಬೂಷ್ಟಿನ ಜಾತಿ.

ಗಲ್ಲೆಯಲ್ಲಿ ಕೂತವನು ಗಿರಾಕಿಯ ಎದುರು ಅಲ್ಲಿ ಕೆರೆದುಕೊಳ್ಳುವ ಹಾಗಿಲ್ಲವಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಮೆಡಿಕಲ್‌ಗೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದೆ. ಕೌಂಟರಿನವನು ಚೀಟಿ ಕೇಳಲಿಲ್ಲ. "ಹೇ ಲಾವಾ, ದೋನ್ ದಿವಸಾತ್ ಜಾಯೀಲ್" (ಇದನ್ನು ಹಚ್ಚಿ, ಎರಡು ದಿನದಲ್ಲಿ ಹೋಗುತ್ತದೆ) ಅಂತ ಒಂದು ಟ್ಯೂಬ್ ಕೊಟ್ಟ. ಅವನ ಮಾತು ಸುಳ್ಳಾಗಿದ್ದರೆ ನಾನು ಬದುಕುತ್ತಿದ್ದೆ. ಎರಡನೇ ರಾತ್ರಿಗೇ ತುರಿಕೆ ಮಂಗಮಾಯ! ಟ್ಯೂಬನ್ನು ಖೋಲಿಯ ಗೂಡಿನಲ್ಲಿಟ್ಟು ಮರೆತೆ. ಹದಿನೈದು ದಿನಕ್ಕೆ ಮತ್ತೆ ಬಂತು, ಮತ್ತೆ ಹಚ್ಚಿದೆ, ಮತ್ತೆ ಹೋಯಿತು. ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ಉಂಗುರದ ಆಕಾರವೇ ಕೆಟ್ಟು, ಅಂಚು ಮಸುಕಾಗಿ, ಭೂಪಟದ ಹಾಗೆ ಸೊಂಟದವರೆಗೂ ಹಬ್ಬಿತ್ತು.

ನಾವು ಖೋಲಿಯಲ್ಲಿ ಆರು ಜನ. ಗೂಡಿನಲ್ಲಿದ್ದ ಟ್ಯೂಬು ಸಾರ್ವಜನಿಕ ಸೊತ್ತಾಯಿತು. ಒಬ್ಬ ಹುಡುಗ ಅದನ್ನು ಮುಖಕ್ಕೇ ಹಚ್ಚತೊಡಗಿದ. ಮೊದಲ ವಾರ ಮುಖ ಬೆಳ್ಳಗಾಯಿತೆಂದು ಕನ್ನಡಿ ಮುಂದೆ ನಿಲ್ಲುತ್ತಿದ್ದ. ತಿಂಗಳು ಕಳೆಯುವಾಗ ಕೆನ್ನೆ ತುಂಬ ಮೊಡವೆ, ಬಿಸಿಲಿಗೆ ಹೋದರೆ ಉರಿ, ಒಂದು ದಿನ ಹಚ್ಚದಿದ್ದರೆ ಮುಖ ಕೆಂಪು ಕೆಂಪು.

ಕೊನೆಗೆ ನಾನು ಸಾಯನ್ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಿ ಚರ್ಮದ ಓಪಿಡಿಯಲ್ಲಿ ಕೂತೆ. ಡಾಕ್ಟರ್ ಮೇಡಂ ಮೊದಲು ಕೇಳಿದ್ದು ಹಳೇ ಟ್ಯೂಬು. ಆಮೇಲೆ ಬ್ಲೇಡಿನ ಮೊಂಡು ಬದಿಯಿಂದ ಗಾಯದ ಅಂಚನ್ನು ಕೆರೆದು ಹೊಟ್ಟಿನಂಥ ಪುಡಿ ತೆಗೆದರು. ಗಾಜಿನ ಮೇಲೆ ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ದ್ರಾವಣ ಚರ್ಮದ ಕೋಶಗಳನ್ನು ಕರಗಿಸುತ್ತದೆ, ಬೂಷ್ಟಿನ ಎಳೆಗಳು ಉಳಿದು ಕಾಣುತ್ತವೆ. ನನ್ನದರಲ್ಲಿ ಕಂಡವು.

ಟ್ಯೂಬಿನ ಹಿಂಭಾಗವನ್ನು ನಾನು ಮೊದಲ ಸಲ ಓದಿದ್ದು ಅವತ್ತು, ಅದೂ ಮೇಡಂ ಬೆರಳಿಟ್ಟು ತೋರಿಸಿದ ಮೇಲೆ. ಒಂದೇ ಟ್ಯೂಬಿನಲ್ಲಿ ಬೂಷ್ಟಿಗೆ ಒಂದು ಔಷಧಿ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು, ಜೊತೆಗೆ ಕ್ಲೊಬೆಟಾಸಾಲ್. ಇದು ಹಚ್ಚುವ ಸ್ಟೆರಾಯ್ಡ್‌ಗಳಲ್ಲೇ ಅತಿ ಜೋರಿನದು. ತುರಿಕೆ, ಕೆಂಪು ಎಲ್ಲವನ್ನೂ ಅಡಗಿಸುತ್ತದೆ, ಆದರೆ ಬೂಷ್ಟಿನ ಜೊತೆ ಹೋರಾಡುವ ಚರ್ಮದ ಕಾವಲನ್ನೂ ಮಲಗಿಸುತ್ತದೆ. ಅದು ಒಳಗೊಳಗೇ ಹಬ್ಬುತ್ತಿತ್ತು, ನಾನು ಮೇಲೆ ಗುಣವಾಯಿತು ಅಂದುಕೊಳ್ಳುತ್ತಿದ್ದೆ. ತೊಡೆಸಂದಿಯ ಚರ್ಮ ಮೊದಲೇ ತೆಳು. ಅಲ್ಲಿ ಬೆವರು, ಬಿಗಿ ಬಟ್ಟೆ ಸೇರಿದರೆ ಔಷಧಿ ಇನ್ನೂ ಆಳಕ್ಕೆ ಇಳಿಯುತ್ತದೆ. ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೀರುಗಳು ನನ್ನ ತೊಡೆಯ ಮೇಲೆ ಬಿದ್ದಿದ್ದವು. ಬಣ್ಣ ಮಾಸಿದೆ, ಗೀರು ಇವತ್ತಿಗೂ ಇದೆ.

ಕ್ಲೊಟ್ರಿಮಜೋಲ್, ಕ್ಲೊಬೆಟಾಸಾಲ್. ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳುತ್ತವೆ. ಮೊದಲನೆಯದು ಬೂಷ್ಟನ್ನು ಕೊಲ್ಲುವುದು, ಎರಡನೆಯದು ಅದಕ್ಕೆ ಹಾಸಿಗೆ ಹಾಸುವುದು. ನಾನೀಗ ಹೆಸರಿನ ಬಾಲ ನೋಡುತ್ತೇನೆ: 'ಸೋನ್', 'ಸಾಲ್' ಅಂತಿದ್ದರೆ ಸ್ಟೆರಾಯ್ಡ್ ಇರಬಹುದು ಅಂತ ಕೇಳುತ್ತೇನೆ. ಎಲ್ಲ ಸ್ಟೆರಾಯ್ಡಿಗೂ ಆ ಬಾಲ ಇರುವುದಿಲ್ಲ, ಆದ್ದರಿಂದ ಕೇಳುವುದೇ ಒಳ್ಳೆಯದು. ಲೇಬಲ್ಲಿನ ಎಡಬದಿಯ ಕೆಂಪು ಗೆರೆಯ ಅರ್ಥ ಚೀಟಿಯಿಲ್ಲದೆ ಮಾರಬಾರದು ಅಂತ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಕ್ರೀಮುಗಳಿಗೆ ಚೀಟಿ ಕಡ್ಡಾಯ ಮಾಡಿತು. ಕಾನೂನು ಮಾಡಿದ್ದು ದಿಲ್ಲಿಯಲ್ಲಿ, ನಾನು ಟ್ಯೂಬ್ ಕೊಂಡದ್ದು ರಾತ್ರಿ ಹನ್ನೊಂದಕ್ಕೆ.

ಸ್ಟೆರಾಯ್ಡ್ ಅವತ್ತೇ ನಿಂತಿತು. ಮೊದಲ ವಾರ ತುರಿಕೆ ಕೆರಳಿಯೇ ಕೆರಳುತ್ತದೆ, ಆಗ ಹಳೇ ಟ್ಯೂಬಿಗೆ ಕೈ ಹಾಕಬೇಡಿ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಹೇಳದಿದ್ದರೆ ಖಂಡಿತ ಹಾಕುತ್ತಿದ್ದೆ. ಆ ಏಳು ರಾತ್ರಿ ನಾನು ಪಟ್ಟ ಪಾಡು ಯಾರಿಗೂ ಬೇಡ. ತುರಿಕೆಗೆ ರಾತ್ರಿ ಒಂದು ಗುಳಿಗೆ, ಬೂಷ್ಟಿಗೆ ಇಟ್ರಾಕೊನಜೋಲ್ ಕ್ಯಾಪ್ಸೂಲ್, ಹಚ್ಚಲು ಬರೀ ಲುಲಿಕೊನಜೋಲ್ ಕ್ರೀಮ್, ದಿನಕ್ಕೆ ಒಂದೇ ಸಲ.

ಎಷ್ಟು ಹಚ್ಚಬೇಕು ಎನ್ನುವುದಕ್ಕೂ ಲೆಕ್ಕ ಇದೆ ಅಂತ ನನಗೆ ಗೊತ್ತಿರಲಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳು ಸೇರಿಸಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಈ ಅಳತೆಯನ್ನು 1991ರಲ್ಲಿ ಬ್ರಿಟನ್ನಿನ ಚರ್ಮವೈದ್ಯರಾದ ಲಾಂಗ್ ಮತ್ತು ಫಿನ್ಲೇ ಬರೆದಿಟ್ಟರಂತೆ. ನನ್ನ ಎರಡೂ ಬದಿ ಸೇರಿ ನಾಲ್ಕು ಅಂಗೈ. ಅಂದರೆ ಎರಡು ಬೆರಳ ತುದಿ, ದಿನಕ್ಕೆ ಒಂದು ಗ್ರಾಂ, 30 ಗ್ರಾಂ ಟ್ಯೂಬು ಒಂದು ತಿಂಗಳು. ಗಲ್ಲೆಯವನಿಗೆ ಈ ಲೆಕ್ಕ ಬಹಳ ಹಿಡಿಸಿತು. ಟ್ಯೂಬಿನ ಮೇಲೆ ಬಾಲ್‌ಪೆನ್ನಿನಲ್ಲಿ ತೆರೆದ ತಾರೀಕು ಬರೆದೆ. ಹತ್ತೇ ದಿನದಲ್ಲಿ ಮುಗಿದರೆ ಬಳಿಯುವುದು ಜಾಸ್ತಿ, ಎರಡು ತಿಂಗಳಾದರೂ ಉಳಿದರೆ ಕಳ್ಳಾಟ.

ರಾತ್ರಿ ಕೆಲಸ ಮುಗಿಸಿ ಸ್ನಾನ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸುವುದು. ಫ್ಯಾನಿನ ಕೆಳಗೆ ಹತ್ತು ನಿಮಿಷ ನಿಲ್ಲುವುದು (ಆರು ಜನರ ಖೋಲಿಯಲ್ಲಿ ಇದು ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ). ಗಾಯದ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯಿಂದ ಶುರುಮಾಡಿ ಒಳಕ್ಕೆ ತೆಳ್ಳಗೆ ಸವರುವುದು, ಏಕೆಂದರೆ ಬೂಷ್ಟು ಬೆಳೆಯುವುದು ಹೊರಗಿನ ಅಂಚಿನಲ್ಲಿ. ಮೇಲೆ ಪೌಡರ್ ಇಲ್ಲ, ತೆಂಗಿನೆಣ್ಣೆ ಇಲ್ಲ. ಕೊನೆಗೆ ಕೈಗೆ ಸೋಪು. ಬೆಳಿಗ್ಗೆ ಅದೇ ಕೈಯಲ್ಲಿ ನೋಟು, ಬಾಳೆಎಲೆ ಮುಟ್ಟಬೇಕಲ್ಲ.

ಮೂರನೇ ವಾರವೂ ಅಷ್ಟೇನೂ ಇಳಿದಿರಲಿಲ್ಲ. ಬೇರೇನಾದರೂ ಗುಳಿಗೆ ತಗೊಳ್ತೀರಾ ಅಂತ ಮೇಡಂ ಕೇಳಿದರು. ಹೋಟೆಲಿನವರು ಉಣ್ಣುವುದು ಅಪರಾತ್ರಿ, ಹಾಗಾಗಿ ಆ್ಯಸಿಡಿಟಿ ಗುಳಿಗೆ ನನಗೆ ಕಾಫಿಯಿದ್ದ ಹಾಗೆ. ಅದನ್ನು ಔಷಧಿ ಅಂತ ನಾನು ಎಣಿಸಿಯೇ ಇರಲಿಲ್ಲ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತಲು ಹೊಟ್ಟೆಯ ಹುಳಿ ಬೇಕು, ಊಟವೂ ಬೇಕು. ನಾನು ಹುಳಿಯನ್ನು ಬೆಳಿಗ್ಗೆಯೇ ಕೊಂದು ರಾತ್ರಿ ಕ್ಯಾಪ್ಸೂಲ್ ನುಂಗುತ್ತಿದ್ದೆ. ಡಾಕ್ಟರನ್ನು ಕೇಳಿ ಆ್ಯಸಿಡಿಟಿ ಗುಳಿಗೆ ಬಿಟ್ಟೆ, ಕ್ಯಾಪ್ಸೂಲ್ ಊಟದ ಮೇಲೆ ನುಂಗಿದೆ. ಆಮೇಲೆ ಇಳಿಯಿತು.

ಚರ್ಮ ಪೂರ್ತಿ ಸಾಫಾದ ಮೇಲೂ ಎರಡು ವಾರ ಹಚ್ಚಿದೆ. ಖೋಲಿಯವರಿಗೂ ಒಟ್ಟಿಗೇ ಮದ್ದು ಮಾಡಿಸಿದ್ದೆವು, ಇಲ್ಲದಿದ್ದರೆ ಚೆಂಡಾಟವೇ. ಟವೆಲ್ ಒಬ್ಬರಿಗೊಂದು, ಚಡ್ಡಿಗಳನ್ನು ಬಿಸಿನೀರಲ್ಲಿ ಒಗೆದು ಒಳಮಗ್ಗುಲಿಗೆ ಇಸ್ತ್ರಿ. ಅಡುಗೆ ಭಟ್ರು ಮೊದಲು ನಕ್ಕರು, ಆಮೇಲೆ ತಮ್ಮ ಪಂಚೆಯನ್ನೂ ತಂದುಕೊಟ್ಟರು. ಮುಖಕ್ಕೆ ಹಚ್ಚಿದ ಹುಡುಗನನ್ನೂ ಅದೇ ಓಪಿಡಿಗೆ ಕರೆದೊಯ್ದಿದ್ದೆ. ಅವನ ಮುಖ ಒಂದು ಹದಕ್ಕೆ ಬರಲು ನನಗಿಂತ ಜಾಸ್ತಿ ದಿನ ಹಿಡಿಯಿತು.

ಈ ಸಲದ ಮಳೆಗೆ ಬೈಂದೂರಿನಿಂದ ಬಂದ ಹೊಸ ಹುಡುಗ ಗಲ್ಲೆ ಹತ್ತಿರ ಬಂದು ಪಿಸುಗುಟ್ಟಿದ: "ಅಣ್ಣಾ, ನಿಮ್ಮತ್ರ ಆ ಕ್ರೀಮ್ ಉಳ್ದಿತ್ತಾ?" ಅರ್ಧ ಟ್ಯೂಬು ಇತ್ತು. ಕೊಡಲಿಲ್ಲ. ಬೆಳಿಗ್ಗೆ ಓಪಿಡಿಗೆ ಹೋಗು ಮಾರಾಯ ಅಂತ ಕಳಿಸಿದೆ, ಹನ್ನೆರಡು ಗಂಟೆವರೆಗೆ ಅವನ ಟೇಬಲ್ಲುಗಳಿಗೆ ನಾನೇ ನೀರಿಟ್ಟೆ.