ಉಚಿತ ವಾಸ್ತವ್ಯ ಬೇಕೆ? ಹೋಟೆಲ್‌ನವರಿಗೆ ಪತ್ರ ಬರೆಯುವ ಬಗೆ

ಹೋಟೆಲ್‌ನಲ್ಲಿ ಒಂದೆರಡು ರಾತ್ರಿ ಬಾಡಿಗೆಯಿಲ್ಲದೆ ಉಳಿದು, ಅದಕ್ಕೆ ಪ್ರತಿಯಾಗಿ ಬ್ಲಾಗಿನಲ್ಲಿ ವಿಮರ್ಶೆ ಬರೆಯುವ ಪದ್ಧತಿ ಈಗ ಹುಬ್ಬಳ್ಳಿ–ಧಾರವಾಡದ ಕಡೆಗೂ ಬಂದಿದೆ. ಕಳುಹಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದು ಹೊಸ ಬ್ಲಾಗಿಗರು ತರುವ ಪತ್ರಗಳನ್ನು ಓದಿದರೆ, ಬಹುತೇಕ ಎಲ್ಲರೂ ಒಂದೇ ಕಡೆ ಎಡವುತ್ತಾರೆಂದು ತಿಳಿಯುತ್ತದೆ. ಪತ್ರದ ತುಂಬ ಬರೆದವರ ಪರಿಚಯ, ಅವರ ಹವ್ಯಾಸ, ಅವರ ಕನಸು. ಹೋಟೆಲ್‌ನ ಬಗ್ಗೆ ಹೆಸರಿನ ಹೊರತು ಒಂದಕ್ಷರವೂ ಇರುವುದಿಲ್ಲ. ಮಾಲೀಕರ ಕಣ್ಣಿನಲ್ಲಿ ಇದು ಕೊಡು-ಕೊಳ್ಳುವ ವ್ಯವಹಾರವಾದ್ದರಿಂದ, ಅವರಿಗೆ ಬರುವುದೇನು ಎಂಬುದು ಪತ್ರದ ಮೊದಲ ನಾಲ್ಕು ಸಾಲುಗಳಲ್ಲೇ ಇರಬೇಕು.

1. ಬ್ಲಾಗನ್ನು ಸಿದ್ಧಪಡಿಸಿಕೊಳ್ಳುವುದು

ಸ್ವಂತ ದುಡ್ಡು ಕೊಟ್ಟು ಉಳಿದು ಬರೆದ ಏಳೆಂಟು ವಿಮರ್ಶೆಗಳಾದರೂ ಬ್ಲಾಗಿನಲ್ಲಿ ಇಲ್ಲದಿದ್ದರೆ ಪತ್ರ ಬರೆಯುವ ಗೋಜಿಗೆ ಹೋಗಬೇಡಿ.

2. ಅಂಕಿಗಳನ್ನು ಹೊಂದಿಸುವುದು

ಒಂದು ಪುಟದ ಮೀಡಿಯಾ ಕಿಟ್, ಅಂದರೆ ಬ್ಲಾಗಿನ ಅಂಕಿಗಳನ್ನು ತೋರಿಸುವ ಪರಿಚಯ ಪತ್ರ, ಸಾಕು. ತಿಂಗಳಿಗೆ ಬ್ಲಾಗಿಗೆ ಬರುವ ಓದುಗರು ಎಷ್ಟು, ಯಾವ ಊರುಗಳಿಂದ ಬರುತ್ತಾರೆ, ಗೂಗಲ್‌ನಲ್ಲಿ ಏನನ್ನು ಹುಡುಕುತ್ತ ಬರುತ್ತಾರೆ ಎಂಬ ಮೂರು ಸಂಗತಿಗಳನ್ನು, ಈ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಮತ್ತು ಸರ್ಚ್ ಕನ್ಸೋಲ್‌ ಎಂಬ ಸಾಧನಗಳ ಸ್ಕ್ರೀನ್‌ಶಾಟ್ ಸಮೇತ ಅದರಲ್ಲಿ ತೋರಿಸಿ. ಹಾವೇರಿಯ ಲಾಡ್ಜ್ ಮಾಲೀಕರಿಗೆ ದೇಶದ ತುಂಬ ಹರಡಿದ ಲಕ್ಷ ಫಾಲೋವರ್‌ಗಳಿಗಿಂತ, ಬೆಂಗಳೂರಿನಿಂದಲೋ ಪುಣೆಯಿಂದಲೋ ಈ ದಾರಿಯಲ್ಲಿ ಕಾರು ಓಡಿಸಿಕೊಂಡು ಬರುವ ಕೆಲವು ನೂರು ಓದುಗರೇ ಹೆಚ್ಚು ಬೆಲೆಯವರು. ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಕೊಂಡ ಖಾತೆಯನ್ನು ಯಾರೂ ಗುರುತಿಸಲಾರರು ಎಂದುಕೊಳ್ಳಬೇಡಿ. ಸಾವಿರಾರು ಜನರ ಖಾತೆಯಲ್ಲಿ ಫೋಟೊಗೆ ಹನ್ನೆರಡು ಲೈಕು ಬಿದ್ದಿದ್ದರೆ ಯಾವ ಮ್ಯಾನೇಜರಿಗೂ ಸಂಗತಿ ತಿಳಿಯುತ್ತದೆ. ‘ಸಾವಿರ ಹೋಟೆಲ್‌ಗಳ ಇಮೇಲ್ ಪಟ್ಟಿ’ ಎಂದು ಆನ್‌ಲೈನಿನಲ್ಲಿ ಮಾರುವ ಫೈಲುಗಳಂತೂ ಶುದ್ಧ ದಂಡ. ಅವುಗಳಲ್ಲಿರುವ ವಿಳಾಸಗಳಲ್ಲಿ ಬಹುಪಾಲು ರಿಸೆಪ್ಷನ್‌ನ ಸಾಮಾನ್ಯ ಪೆಟ್ಟಿಗೆಯವು. ಅಲ್ಲಿ ಬುಕಿಂಗ್ ಬಿಟ್ಟು ಬೇರೆ ಪತ್ರವನ್ನು ಯಾರೂ ತೆರೆಯುವುದಿಲ್ಲ.

3. ಹೋಟೆಲ್ ಮತ್ತು ದಿನ ಆರಿಸುವುದು

ಖಾಲಿ ಕೋಣೆಯನ್ನು ಕೊಡುವುದಕ್ಕೆ ಹೋಟೆಲ್‌ಗೆ ತಗಲುವುದು ಹಾಸಿಗೆ ಬಟ್ಟೆ ಒಗೆಸುವ ಖರ್ಚು, ಕರೆಂಟು, ಒಂದು ನಾಷ್ಟಾ. ಆದರೆ ಗಿರಾಕಿ ಕಾಯುತ್ತಿರುವ ದಿನ ಅದೇ ಕೋಣೆಯನ್ನು ಕೊಟ್ಟರೆ ಪೂರ್ತಿ ಬಾಡಿಗೆಯೇ ಹೋಗುತ್ತದೆ. ಹುಬ್ಬಳ್ಳಿಯ ವ್ಯಾಪಾರಿ ಹೋಟೆಲ್‌ಗಳು ಕಂಪನಿ ಕೆಲಸಕ್ಕೆ ಬರುವವರಿಂದ ಸೋಮವಾರದಿಂದ ಗುರುವಾರದವರೆಗೆ ತುಂಬಿರುತ್ತವೆ, ಆದ್ದರಿಂದ ಅವರಲ್ಲಿ ಭಾನುವಾರವನ್ನು ಕೇಳಬೇಕು. ದಾಂಡೇಲಿ ದಾರಿಯ ರೆಸಾರ್ಟ್ ಮತ್ತು ಹೋಮ್‌ಸ್ಟೇಗಳಲ್ಲಿ ಲೆಕ್ಕ ಇದರ ತದ್ವಿರುದ್ಧ. ಮದುವೆ ಮುಹೂರ್ತಗಳಿರುವ ದಿನ, ಶಿವರಾತ್ರಿ ಹೊತ್ತಿನ ಸಿದ್ಧಾರೂಢ ಮಠದ ಜಾತ್ರೆ, ಧಾರವಾಡದ ಕೃಷಿ ಮೇಳ, ಇವುಗಳ ಹತ್ತಿರ ಸುಳಿಯಲೇಬೇಡಿ. ಪಂಚಾಂಗ ನೋಡದೆ ತಾರೀಕು ಕೇಳುವವರನ್ನು ಕಂಡರೆ ಊರಿನ ಬಗ್ಗೆ ಇವರಿಗೇನು ಗೊತ್ತು ಎಂದು ಮಾಲೀಕರು ಅಂದುಕೊಳ್ಳುವುದು ಸಹಜ.

4. ಪತ್ರ

ಕೆಲಸ ಕೆಡುವುದು ಇಲ್ಲಿಯೇ. ‘ನಾನು ಪ್ರವಾಸವನ್ನು ಪ್ರೀತಿಸುವ ಬ್ಲಾಗಿಗ, ತಮ್ಮ ಪ್ರತಿಷ್ಠಿತ ಹೋಟೆಲ್‌ನೊಂದಿಗೆ ಕೈಜೋಡಿಸಲು ಉತ್ಸುಕನಾಗಿದ್ದೇನೆ’ ಎಂದು ಶುರುವಾಗುವ ಪತ್ರ ಯಾವ ಹೋಟೆಲ್‌ಗೆ ಹೋದರೂ ಹೊಂದುತ್ತದೆ, ಹಾಗಾಗಿ ಯಾವ ಹೋಟೆಲ್‌ನವರೂ ಅದನ್ನು ತಮ್ಮದೆಂದು ಓದುವುದಿಲ್ಲ. ಎಐ ಬರೆದುಕೊಡುವ ಪತ್ರಗಳು ಇದೇ ಜಾತಿಯವು. ವ್ಯಾಕರಣ ತಿದ್ದಿಸಿಕೊಳ್ಳಲು ಬಳಸಿ, ಪತ್ರವನ್ನೇ ಬರೆಸಬೇಡಿ.

ಗದಗದ ಒಂದು ಮಧ್ಯಮ ದರ್ಜೆಯ ಹೋಟೆಲ್‌ಗೆ ಬರೆಯುವುದಾದರೆ ಪತ್ರ ಹೀಗಿರಲಿ: ‘ಮಾನ್ಯರೇ, ಹುಬ್ಬಳ್ಳಿಯಿಂದ ಹಂಪಿಗೆ ಕಾರಿನಲ್ಲಿ ಹೋಗುವವರು ಗದಗದ ಮೇಲೆಯೇ ಹೋದರೂ ಇಲ್ಲಿ ರಾತ್ರಿ ಉಳಿಯುವುದಿಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ, ಮುಸುಕಿನ ಬಾವಿ ಮತ್ತು ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ಸೇರಿಸಿ ಗದಗದಲ್ಲಿ ಎರಡು ಹಗಲು, ಒಂದು ರಾತ್ರಿ ಕಳೆಯುವ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಹಕ್ಕಿಗಳನ್ನು ನೋಡಲು ಬೆಳಗ್ಗೆ ಬೇಗ ಹೊರಡಬೇಕಾದ್ದರಿಂದ ಓದುಗರಿಗೆ ಊರಿನಲ್ಲಿಯೇ ಕೋಣೆ ಬೇಕಾಗುತ್ತದೆ. ಡಿಸೆಂಬರ್ ಎರಡನೆಯ ಅಥವಾ ಮೂರನೆಯ ಭಾನುವಾರದ ರಾತ್ರಿ, ನಿಮಗೆ ಅನುಕೂಲವಾದ ದಿನ, ಇಬ್ಬರಿಗೆ ಒಂದು ಕೋಣೆಯನ್ನು ನಾಷ್ಟಾ ಸಹಿತ ಉಚಿತವಾಗಿ ಕೊಡಲು ಸಾಧ್ಯವೇ? ಪ್ರತಿಯಾಗಿ ಲೇಖನದಲ್ಲಿ ನಿಮ್ಮ ಹೋಟೆಲ್‌ನ ವಿವರವಾದ ವಿಮರ್ಶೆ, ಬುಕಿಂಗ್ ಲಿಂಕ್, ಮತ್ತು ನೀವು ಎಲ್ಲಿ ಬೇಕಾದರೂ ಬಳಸಿಕೊಳ್ಳಬಹುದಾದ ಹತ್ತು ಫೋಟೊಗಳನ್ನು ಹದಿನೈದು ದಿನಗಳೊಳಗೆ ಕೊಡುತ್ತೇನೆ. ವಾಸ್ತವ್ಯ ಉಚಿತವಾಗಿತ್ತೆಂದು ಲೇಖನದ ಮೇಲ್ಭಾಗದಲ್ಲೇ ತಿಳಿಸುತ್ತೇನೆ; ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.’

ಇದರಲ್ಲಿ ಹೋಟೆಲ್‌ನ ಹೊಗಳಿಕೆ ಎಲ್ಲಿಯೂ ಇಲ್ಲ. ಜನ ಹಾದು ಹೋಗುತ್ತಾರೆ, ಉಳಿಯುವುದಿಲ್ಲ ಎಂಬುದು ಆ ಊರಿನ ಹೋಟೆಲ್‌ನವರ ದಿನದ ಚಿಂತೆ, ಮತ್ತು ಅದಕ್ಕೆ ಪತ್ರದಲ್ಲೊಂದು ಉಪಾಯವಿದೆ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ್ದನ್ನೂ ಸೇರಿಸಬಹುದು, ಏಕೆಂದರೆ ಹಕ್ಕಿ ನೋಡುವವರು ಆ ಹೆಸರನ್ನು ಹಿಡಿದೇ ಹುಡುಕುತ್ತಾರೆ. ಹಾವೇರಿಯವರಿಗೆ ಬರೆಯುವಾಗ ಬಂಕಾಪುರದ ನವಿಲುಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಚೌಡದಾನಪುರದ ಮುಕ್ತೇಶ್ವರ ದೇವಾಲಯ ಇದೇ ಕೆಲಸ ಮಾಡುತ್ತವೆ. ಎರಡು ತಾರೀಕು ಕೊಟ್ಟು ಆಯ್ಕೆಯನ್ನು ಅವರಿಗೆ ಬಿಡಿ. ‘ಯಾವಾಗ ಬೇಕಾದರೂ ಬರುತ್ತೇನೆ’ ಎಂದರೆ ಉತ್ತರವೂ ಯಾವಾಗಲೋ ಬರುತ್ತದೆ. ಎಷ್ಟು ಜನ ಬರುತ್ತೀರಿ ಎಂಬುದನ್ನು ಪತ್ರದಲ್ಲೇ ಹೇಳಿಬಿಡಿ. ಇಬ್ಬರೆಂದು ಒಪ್ಪಿಸಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದವರಿಂದಾಗಿ ಉಳಿದ ಬ್ಲಾಗಿಗರಿಗೂ ಬಾಗಿಲು ಮುಚ್ಚುತ್ತದೆ. ಕೊನೆಯ ಸಾಲಿನ ‘ಕಂಡದ್ದನ್ನು ಕಂಡಂತೆ’ ಎಂಬ ಮಾತಿಗೆ ಹೆದರಿ ಅದನ್ನು ಕೈಬಿಡುವವರು ಬಹಳ. ಅದನ್ನು ಓದಿ ಹಿಂದೆ ಸರಿಯುವ ಹೋಟೆಲ್‌ನಲ್ಲಿ ಉಳಿಯದಿರುವುದೇ ಲೇಸು.

ಪತ್ರ ಯಾರ ಕೈ ಸೇರುತ್ತದೆ ಎಂಬುದೂ ಮುಖ್ಯ. ದೊಡ್ಡ ಹೋಟೆಲ್ ಸರಣಿಗಳಲ್ಲಿ ಮಾರ್ಕೆಟಿಂಗ್ ಅಥವಾ ಸೇಲ್ಸ್ ಮ್ಯಾನೇಜರ್ ಯಾರೆಂದು ಫೋನಿನಲ್ಲಿ ಕೇಳಿ ತಿಳಿದು, ಅವರ ಹೆಸರಿಗೇ ಕಳುಹಿಸಿ. ನಮ್ಮ ಜಿಲ್ಲೆಗಳ ಹೆಚ್ಚಿನ ಲಾಡ್ಜ್‌ಗಳಲ್ಲಿ ಮಾಲೀಕರೇ ಕೌಂಟರಿನಲ್ಲಿ ಕೂತಿರುತ್ತಾರೆ, ಇಮೇಲನ್ನು ಅವರು ನೋಡುವುದು ಅಪರೂಪ. ಅಂಥಲ್ಲಿಗೆ ಪತ್ರವನ್ನು ಮುದ್ರಿಸಿಕೊಂಡು ಖುದ್ದಾಗಿ ಹೋಗುವುದೇ ಸರಿ, ಅದೂ ಚೆಕ್‌ಔಟ್ ಗದ್ದಲ ಮುಗಿದು ಊಟವಾದ ನಂತರ, ಮೂರರಿಂದ ಐದು ಗಂಟೆಯ ನಡುವೆ. ‘ಇದರಿಂದ ನಮಗೇನ್ರಿ ಫಾಯದಾ?’ ಎಂದು ನೇರವಾಗಿ ಕೇಳುತ್ತಾರೆ. ಆಗ ಮೊಬೈಲ್ ತೆಗೆದು ಫಾಲೋವರ್‌ಗಳ ಸಂಖ್ಯೆ ತೋರಿಸುವ ಬದಲು, ಹಿಂದೆ ಬೇರೆ ಊರಿನ ಹೋಟೆಲ್‌ ಬಗ್ಗೆ ಬರೆದ ಲೇಖನವನ್ನು ತೆರೆದು ಅದರ ಕೆಳಗೆ ಓದುಗರು ಬಾಡಿಗೆ, ಪಾರ್ಕಿಂಗ್ ವಿಚಾರಿಸಿದ ಪ್ರಶ್ನೆಗಳನ್ನು ತೋರಿಸಿ.

5. ಕಾಯುವುದು

ವಾರದ ಮೇಲೆ ಒಮ್ಮೆ ನೆನಪಿಸಿ, ಆಮೇಲೂ ಉತ್ತರ ಬರದಿದ್ದರೆ ಬಿಟ್ಟುಬಿಡಿ.

6. ಒಪ್ಪಿದ ಮೇಲೆ ಬರಹದಲ್ಲಿ ಪಡೆಯುವುದು

ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ, ಏಕೆಂದರೆ ‘ಬನ್ನಿ’ ಎಂದ ಮಾಲೀಕರು ಆ ದಿನ ಊರಲ್ಲಿರುವುದಿಲ್ಲ ಮತ್ತು ಕೌಂಟರಿನ ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ತಾರೀಕು, ಕೋಣೆಯ ದರ್ಜೆ, ಎಸಿ ಇದೆಯೋ ಇಲ್ಲವೋ, ರಾತ್ರಿ ಊಟ ಸೇರಿದೆಯೋ, ಲಾಂಡ್ರಿ ಮತ್ತು ನೀರಿನ ಬಾಟಲಿಯ ದುಡ್ಡು ಯಾರದು ಎಂಬುದನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಚೆಕ್‌ಔಟ್ 24 ತಾಸಿನದೋ ಮಧ್ಯಾಹ್ನ 12ಕ್ಕೋ ಎಂದು ಕೇಳಿಕೊಳ್ಳುವುದನ್ನು ಮರೆಯಬೇಡಿ. ಪ್ರಕಟಿಸುವ ಮೊದಲು ಲೇಖನ ತೋರಿಸಬೇಕೆಂದು ಕೇಳಿದರೆ, ಬಾಡಿಗೆ, ವಿಳಾಸ, ಫೋನ್ ನಂಬರಿನಂಥ ವಿವರಗಳನ್ನು ಮಾತ್ರ ಪರಿಶೀಲನೆಗೆ ಕಳುಹಿಸುತ್ತೇನೆ, ಅಭಿಪ್ರಾಯವನ್ನಲ್ಲ ಎಂದು ಆಗಲೇ ಸ್ಪಷ್ಟಪಡಿಸಿ. ಬಿಸಿನೀರು ಬರಲಿಲ್ಲ ಎಂಬ ಸಾಲನ್ನು ತೆಗೆಯುವಂತೆ ಆಮೇಲೆ ಒತ್ತಾಯ ಬಂದಾಗ ಈ ಒಂದು ಸಂದೇಶವೇ ನಿಮ್ಮ ಕೈ ಹಿಡಿಯುತ್ತದೆ.

7. ಉಳಿಯುವುದು

ಗುರುತಿನ ಚೀಟಿ ಕೊಟ್ಟು ರಿಜಿಸ್ಟರಿನಲ್ಲಿ ಎಲ್ಲರಂತೆ ಸಹಿ ಮಾಡಿ. ರೂಮ್ ಬಾಯ್‌ಗೆ ಟಿಪ್ಸನ್ನು ನಿಮ್ಮ ಕೈಯಿಂದಲೇ ಕೊಡಿ.

8. ಬರೆಯುವುದು, ತಿಳಿಸುವುದು

ಉಚಿತ ವಾಸ್ತವ್ಯವನ್ನು ಮುಚ್ಚಿಡುವುದು ಈಗ ಕಾನೂನಿನ ಪ್ರಶ್ನೆಯೂ ಹೌದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ, ತಿಳಿಸಲೇಬೇಕಾದ ಲಾಭಗಳಲ್ಲಿ ಹೋಟೆಲ್ ವಾಸ್ತವ್ಯವನ್ನೂ ಹೆಸರಿಸಿದೆ. ಲೇಖನ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಓದುಗರ ಕಣ್ಣಿಗೆ ಬೀಳುವಂತೆ ತಿಳಿಸಬೇಕೆನ್ನುತ್ತದೆ. ಕನ್ನಡ ಲೇಖನದ ಕೊನೆಯಲ್ಲಿ ಹ್ಯಾಶ್‌ಟ್ಯಾಗ್‌ಗಳ ರಾಶಿಯ ನಡುವೆ ಇಂಗ್ಲಿಷ್ ಪದವೊಂದನ್ನು ತುರುಕಿದರೆ ಸಾಲದು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ತೆರಿಗೆಯ ಮಾತನ್ನು ಬಹಳ ಜನ ಕೇಳಿಯೇ ಇರುವುದಿಲ್ಲ. ವೃತ್ತಿಯ ಸಂಬಂಧವಾಗಿ ಒಬ್ಬರಿಂದ ಒಂದು ಹಣಕಾಸು ವರ್ಷದಲ್ಲಿ ಸಿಗುವ ಇಂಥ ಸೌಲಭ್ಯದ ಮೌಲ್ಯ 20,000 ರೂಪಾಯಿ ಮೀರಿದರೆ, ಕೊಡುವವರು ಶೇ 10ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಟ್ಟಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. ಗದಗದ ಒಂದು ರಾತ್ರಿಗೆ ಅದು ತಗಲುವುದಿಲ್ಲವಾದರೂ, ರೆಸಾರ್ಟ್‌ನಲ್ಲಿ ಮೂರ್ನಾಲ್ಕು ರಾತ್ರಿ ಉಳಿಯುವವರು ಪ್ಯಾನ್ ನಂಬರ್ ಕೇಳಿದಾಗ ಗಾಬರಿಯಾಗದೆ ಕೊಡಬೇಕು. ಟಿಡಿಎಸ್ ಕಡಿತವಾಗದ ಸಣ್ಣ ಮೊತ್ತವೂ ವೃತ್ತಿಯ ಆದಾಯವೇ ಆದ್ದರಿಂದ, ಉಳಿದ ಪ್ರತಿ ಕೋಣೆಯ ಆ ದಿನದ ಬಾಡಿಗೆ ದರವನ್ನು ಅಂದೇ ಒಂದು ಪುಸ್ತಕದಲ್ಲಿ ಬರೆದಿಟ್ಟು, ಮಾರ್ಚ್ ಮುಗಿದ ಮೇಲೆ ನಿಮ್ಮ ಲೆಕ್ಕಪರಿಶೋಧಕರ ಕೈಗೆ ಕೊಡಿ.