ಕುಂಡದಲ್ಲಿ ಅಪ್ಪನ ಪೇರಲ

ಧಾರವಾಡಕ್ಕೆ ಹೋಗಿ ಬರುವಾಗಲೆಲ್ಲ ಅಪ್ಪ ನವಲೂರಿನ ಪೇರಲ ತರುತ್ತಿದ್ದರು. ಚೀಲ ಬಿಚ್ಚಿದರೆ ಸಾಕು, ಪುಣೆಯ ನಮ್ಮ ಎರಡು ಕೋಣೆಯ ಮನೆಯೆಲ್ಲ ಘಮ್ ಅನ್ನುತ್ತಿತ್ತು. ಅವರು ತೀರಿಕೊಂಡ ವರ್ಷ, ನೆನಪಿಗೆ ಒಂದು ಪೇರಲ ಗಿಡ ಹಚ್ಚಬೇಕು ಅನ್ನಿಸಿತು. ಕೋಥ್ರೂಡಿನ ಫ್ಲ್ಯಾಟಿನಲ್ಲಿ ನೆಲ ಎಲ್ಲಿಂದ ತರೋದು? ಟೆರೇಸಿನಲ್ಲಿ ಕುಂಡ ಇಟ್ಟೆ.

ಮೊದಲ ಗಿಡ ಉಳಿಯಲಿಲ್ಲ. ಆಳಂದಿಯಲ್ಲಿ ಇಂದ್ರಾಯಣಿ ನದಿಗೆ ಅಸ್ಥಿ ಬಿಡುವಾಗ ಎರಡು ಹಿಡಿ ಬೂದಿ ಇಟ್ಟುಕೊಂಡಿದ್ದೆ. ಅದನ್ನೇ ಬೇರಿನ ಸುತ್ತ ಹಾಕಿ ಮಣ್ಣು ಮುಚ್ಚಿದೆ. ಮೂರು ವಾರದಲ್ಲಿ ಎಲೆಯ ಅಂಚು ಸುಟ್ಟಂತೆ ಕಂದಾಯಿತು. ಆಮೇಲೆ ಗಿಡವೇ ಒಣಗಿತು. ಅವತ್ತು ಅತ್ತಷ್ಟು ನಾನು ಅಪ್ಪ ಹೋದ ದಿನವೂ ಅತ್ತಿರಲಿಲ್ಲ. ಚಿತೆಯ ಬೂದಿಯಲ್ಲಿ ಉಪ್ಪು ಜಾಸ್ತಿ, ಸುಣ್ಣದಂತೆ ಕ್ಷಾರವೂ ಜಾಸ್ತಿ ಅಂತ ಆಮೇಲೆ ತಿಳಿಯಿತು. ಬಯಲಿನಲ್ಲಾದರೆ ಮಳೆ ಅದನ್ನು ತೊಳೆದು ಹರಡುತ್ತದೆ. ಕುಂಡದಲ್ಲಿ ಅದು ಬೇರಿಗೇ ಅಂಟಿಕೊಂಡಿರುತ್ತದೆ. ನಿಮಗೂ ಹಾಗೆ ಮಾಡುವ ಮನಸ್ಸಿದ್ದರೆ ಒಂದು ಚಿಟಿಕೆ ಸಾಕು, ಅದೂ ಕುಂಡದ ಅಂಚಿಗೆ.

ಎರಡನೇ ಗಿಡವನ್ನು ಸೋಲಾಪುರ ರಸ್ತೆಯ ನರ್ಸರಿಯೊಂದರಿಂದ ತಂದೆ. ಗೂಟಿ ಕಟ್ಟಿದ, ಅಂದರೆ ತಾಯಿಗಿಡದ ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ, ಸರದಾರ್ ತಳಿ. ಎಲ್-49 ಅಂತಲೂ ಕರೆಯುತ್ತಾರೆ. ಇದರ ಬೀಜ ಲಕ್ನೋ ಕಡೆಯದು, ಆದರೆ ತಳಿಯನ್ನು ಆರಿಸಿದ್ದು 1927ರಲ್ಲಿ, ಇಲ್ಲೇ ಪುಣೆಯ ಗಣೇಶಖಿಂಡದ ತೋಟದಲ್ಲಿ. ಎಲ್ಲಿಂದಲೋ ಬಂದು ಪುಣೆಯವನಾದ ಗಿಡ. ಅಪ್ಪನ ಹಾಗೇ ಅಲ್ವಾ ಅಂದುಕೊಂಡು ತಂದೆ.

20 ಇಂಚಿನ ಕುಂಡ, ತಳದಲ್ಲಿ ಐದು ತೂತು, ಕೆಳಗೆ ಇಟ್ಟಿಗೆ. ಅರ್ಧ ಕೆಂಪು ಮಣ್ಣು, ಉಳಿದದ್ದು ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ, ಎರಡು ಹಿಡಿ ಬೇವಿನ ಹಿಂಡಿ. ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ಇಷ್ಟು ಸರಿಯಿದ್ದರೆ ಪೇರಲ ಹೆಚ್ಚು ಕಾಡುವುದಿಲ್ಲ.

ನನ್ನನ್ನು ಕಾಡಿದ್ದು ಕತ್ತರಿ. ಎರಡು ವರ್ಷ ಒಂದು ಕೊಂಬೆಯನ್ನೂ ಮುಟ್ಟಲಿಲ್ಲ. ಅಪ್ಪನ ಗಿಡಕ್ಕೆ ಕತ್ತರಿ ಹಾಕೋದು ಹೇಗೆ? ಅದು ಏಳು ಅಡಿ ಎತ್ತರಕ್ಕೆ ಸೊರಗಿಕೊಂಡು ಹೋಯಿತು. ಬಂದದ್ದು ಮೂರೇ ಕಾಯಿ, ಮೂರರಲ್ಲೂ ಹುಳ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಪುಷ್ಪ ಪ್ರದರ್ಶನಕ್ಕೆ ಹೋದಾಗ ವಯಸ್ಸಾದ ಮಾಲಿಯೊಬ್ಬರಿಗೆ ಫೋಟೋ ತೋರಿಸಿದೆ. ಪೇರಲ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ, ನೀವು ಕತ್ತರಿಸದಿದ್ದರೆ ಅದು ಎಲ್ಲಿ ಚಿಗುರಬೇಕು ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಮೇ ತಿಂಗಳಲ್ಲಿ ಎರಡು ವಾರ ನೀರು ಕಡಿಮೆ ಮಾಡಿದೆ. ಪೂರ್ತಿ ನಿಲ್ಲಿಸಬಾರದು, ಕುಂಡದ ಗಿಡ ತಡೆಯುವುದಿಲ್ಲ. ಎಲೆ ಸ್ವಲ್ಪ ಉದುರಿದ ಮೇಲೆ ಪ್ರತಿ ಕೊಂಬೆಯ ಮೂರನೇ ಒಂದು ಭಾಗ ಕತ್ತರಿಸಿದೆ. ಮೊದಲ ಕೊಂಬೆಗೆ ಕೈ ನಡುಗಿತು. ಮೇಲ್ಮಣ್ಣು ಕೆದಕಿ ಗೊಬ್ಬರ ಕೊಟ್ಟು, ಜೂನಿನ ಮಿರಗದ (ಮೃಗಶಿರಾ) ಮಳೆಗೆ ಕಾದೆ. ಇಲ್ಲಿನ ರೈತರು ಇದಕ್ಕೆ ಮೃಗ್ ಬಹಾರ್ ಅನ್ನುತ್ತಾರೆ. ಮಳೆಗೆ ಹೂ, ಚಳಿಗೆ ಹಣ್ಣು. ಚಳಿಯ ಹಣ್ಣೇ ಸಿಹಿ, ಹುಳವೂ ಕಡಿಮೆ.

ಎರಡು ವಾರದಲ್ಲಿ ಕತ್ತರಿಸಿದ ಕಡೆಯೆಲ್ಲ ಕೆಂಪು ಚಿಗುರು. ಕಾಯಿ ನಿಂಬೆಯ ಗಾತ್ರಕ್ಕೆ ಬಂದಾಗ ಹಣ್ಣುನೊಣ ಮೊಟ್ಟೆ ಇಡದಂತೆ ಬಟ್ಟೆಯ ಚೀಲ ಕಟ್ಟಬೇಕು. ಅವ್ವ ಒಳಗಿಂದ ಅಪ್ಪನ ಹಳೆಯ ಧೋತರ ತಂದು ಕೊಟ್ಟಳು. ತೆಳು ಬಟ್ಟೆ, ಗಾಳಿ ಆಡುತ್ತದೆ. 14 ಚೀಲ ಹೊಲಿದೆವು.

ನವೆಂಬರಿನಲ್ಲಿ ಮೊದಲ ಹಣ್ಣನ್ನು ಫೋಟೋದ ಮುಂದೆ ಇಟ್ಟೆ. ರಾತ್ರಿಯಿಡೀ ಮನೆ ಘಮ್ ಅಂದಿತು. ಬೆಳಿಗ್ಗೆ ಅವ್ವ ಅದನ್ನು ನಾಲ್ಕು ಹೋಳು ಮಾಡಿ, ಉಪ್ಪು ಖಾರ ಹಚ್ಚಿ, ಅಪ್ಪನ ಹಾಗೇ ದೊಡ್ಡ ಹೋಳನ್ನು ನನಗೆ ಕೊಟ್ಟಳು. ಧೋತರ ಇನ್ನೂ ಅರ್ಧ ಉಳಿದಿದೆ.