ರೂಗರ್ 10/22: ಈ ರೈಫಲ್ ಏಕೆ ಹಿಡಿಸುತ್ತದೆ, ಇದರಿಂದ ಗುರಿ ಕಲಿಯುವುದು ಹೇಗೆ

ಅಮೆರಿಕದಲ್ಲಿ ರೈಫಲ್ ಹಿಡಿದು ಗುರಿಯಿಟ್ಟು ಹೊಡೆಯಲು ಕಲಿಯುವವರ ಕೈಗೆ ಬಹುಸಲ ಮೊದಲು ಬರುವುದು ರೂಗರ್ 10/22. ಒಮ್ಮೆಗೆ ಹತ್ತು ತೋಟಾಗಳು, ಪಾಯಿಂಟ್ 22 (0.22 ಇಂಚು) ಅಳತೆಯ ನಳಿಕೆ: ಹೆಸರಿನ ಅರ್ಥ ಇಷ್ಟೇ. ಸ್ಟರ್ಮ್ ರೂಗರ್ ಕಂಪನಿ ಇದನ್ನು 1964ರಲ್ಲಿ 54 ಡಾಲರ್ 50 ಸೆಂಟ್ ಬೆಲೆಗೆ ಮಾರುಕಟ್ಟೆಗೆ ತಂದಿತು. ಅಂದಿನಿಂದ ಇದರ ತಯಾರಿಕೆ ನಿಂತಿಲ್ಲ, ಮೂಲ ವಿನ್ಯಾಸವೂ ಹೆಚ್ಚು ಬದಲಾಗಿಲ್ಲ, ಮಾರಾಟವಾದವು ದಶಲಕ್ಷಗಳ ಲೆಕ್ಕದಲ್ಲಿವೆ. ಇದರಿಂದ ಕಲಿತು ಮುಂದೆ ದುಬಾರಿ ರೈಫಲ್‌ಗಳನ್ನು ಕೊಂಡವರೂ ಇದನ್ನು ಸಾಮಾನ್ಯವಾಗಿ ಮಾರುವುದಿಲ್ಲ. ಇದಕ್ಕೆ ಕಾರಣ ಇದರ ಬಲವಲ್ಲ, ಏಕೆಂದರೆ ಬಲದಲ್ಲಿ ಇದು ರೈಫಲ್‌ಗಳ ಪೈಕಿ ತೀರ ಕೆಳಗಿನ ಸಾಲಿನದು. ಹೊಡೆಯುವವನ ಭುಜವನ್ನು ನೋಯಿಸದೆ, ಕಿಸೆಯನ್ನು ಬರಿದು ಮಾಡದೆ, ಆದರೆ ಅವನ ತಪ್ಪನ್ನು ಮಾತ್ರ ಮರೆಮಾಚದೆ ಕಾಗದದ ಮೇಲೆ ತೋರಿಸಿಕೊಡುವ ಗುಣವೇ ಇದರ ನಿಜವಾದ ಆಕರ್ಷಣೆ. ಆ ಗುಣವನ್ನು ಹೊಸಬರು ಪೂರ್ತಿಯಾಗಿ ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಅನೇಕರು ಇದನ್ನು ತಿಳಿಯದೆ ಗೆಳೆಯರ ಜೊತೆ ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೊರಟುಬಿಡುತ್ತಾರೆ. ಎಚ್-1ಬಿ, ಎಚ್-4, ಎಲ್-1, ವಿದ್ಯಾರ್ಥಿ ಅಥವಾ ಪ್ರವಾಸಿ ವೀಸಾದಂತಹ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಒಂದು ಗಂಟೆಯ ಮಟ್ಟಿಗೆ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಹೊಂದಿರುವುದೇ ಎಂದು ಎಣಿಕೆಯಾಗಬಹುದು. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಈ ನಿಷೇಧದಿಂದ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ವೀಸಾವೇ ಪಣಕ್ಕೆ ಬೀಳುವ ವಿಷಯವಾದ್ದರಿಂದ ಸಂದೇಹವಿದ್ದರೆ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಇದರ ಮೇಲೆ ರಾಜ್ಯಗಳ ನಿಯಮಗಳೂ ಇವೆ. ನ್ಯೂಜೆರ್ಸಿಯಲ್ಲಿ ರೈಫಲ್ ಕೊಳ್ಳಲು ಮೊದಲು ಗುರುತಿನ ಕಾರ್ಡ್ ಪಡೆಯಬೇಕು, ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗಬೇಕು. ಭಾರತದಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೇರೆಯ ಲೋಕ. ಇಲ್ಲಿ ಬರೆದದ್ದನ್ನು ಯಾರೂ ಅಲ್ಲಿಗೆ ಅನ್ವಯಿಸಿಕೊಳ್ಳಬಾರದು.

ಈಗ ತೋಟಾದ ವಿಷಯ. ಪಾಯಿಂಟ್ 22 ಲಾಂಗ್ ರೈಫಲ್ ತೋಟಾ 1887ರಷ್ಟು ಹಳೆಯದು. ದೊಡ್ಡ ತೋಟಾಗಳಲ್ಲಿ ಬುಡದ ನಡುವೆ ಕೇಪು ಇರುತ್ತದೆ, ಇದರಲ್ಲಿ ಹಾಗಿಲ್ಲ. ಹೊಡೆತಕ್ಕೆ ಕಿಡಿಯಾಗುವ ಮದ್ದನ್ನು ತೆಳುವಾದ ಹಿತ್ತಾಳೆಯ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ರೈಫಲ್‌ನ ಸೂಜಿ ಆ ಅಂಚನ್ನು ಚಪ್ಪಟೆ ಮಾಡಿದಾಗ ಕಿಡಿ ಹತ್ತುತ್ತದೆ. ರಿಮ್‌ಫೈರ್ ಎಂಬ ಹೆಸರು ಬಂದದ್ದು ಇದರಿಂದಲೇ. ತಯಾರಿಕೆ ಸರಳವಾದ್ದರಿಂದ ಒಂದು ತೋಟಾಕ್ಕೆ ಕೆಲವೇ ಸೆಂಟ್ ಸಾಕು, ದೊಡ್ಡ ರೈಫಲ್‌ಗಳ ತೋಟಾಕ್ಕೆ ಇದರ ಹಲವು ಪಟ್ಟು ಬೇಕು. ಹಾರುವ ಗುಂಡಿನ ತೂಕ ಸುಮಾರು 40 ಗ್ರೇನ್, ಅಂದರೆ 2.6 ಗ್ರಾಂ ಮಾತ್ರ. ಆದ್ದರಿಂದ ಭುಜಕ್ಕೆ ಒದೆತವೇ ಇಲ್ಲವೆನ್ನುವಷ್ಟು ಕಡಿಮೆ. ಹೊಸಬರ ಗುರಿ ಕೆಡುವುದು ಹೆಚ್ಚಾಗಿ ಕಣ್ಣಿನ ದೋಷದಿಂದಲ್ಲ. ಸದ್ದು ಮತ್ತು ಒದೆತವನ್ನು ನಿರೀಕ್ಷಿಸಿ ಟ್ರಿಗರ್ ಎಳೆಯುವ ಮುನ್ನವೇ ಮೈ ಬೆದರುವುದರಿಂದ. ಅಂತಹ ಬೆದರುವಿಕೆ ಅಭ್ಯಾಸವಾಗಿ ಕೂತರೆ ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ. ಈ ಪುಟ್ಟ ತೋಟಾ ಅದಕ್ಕೆ ಎಡೆಯನ್ನೇ ಕೊಡುವುದಿಲ್ಲ.

ಕರ್ನಾಟಕದಲ್ಲಿ ಎನ್‌ಸಿಸಿ ಶಿಬಿರದ ಬೆಳಗ್ಗೆ ನೆಲದ ಮೇಲೆ ಮಲಗಿ ಪಾಯಿಂಟ್ 22 ರೈಫಲ್‌ನಿಂದ ಗುಂಡು ಹಾರಿಸಿದವರಿಗೆ ಈ ತೋಟಾ ಹೊಸದಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರಿಗೂ ಇದರ ಪರಿಚಯವಿರಬಹುದು. ಎನ್‌ಸಿಸಿಯ ರೈಫಲ್‌ನಲ್ಲಿ ಪ್ರತಿ ಗುಂಡಿನ ನಂತರ ಬೋಲ್ಟನ್ನು, ಅಂದರೆ ನಳಿಕೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡನ್ನು, ಕೈಯಿಂದಲೇ ಎಳೆದು ತಳ್ಳಬೇಕು. 10/22ರಲ್ಲಿ ಆ ಕೆಲಸವನ್ನು ರೈಫಲ್ ತಾನೇ ಮಾಡುತ್ತದೆ. ಗುಂಡನ್ನು ಮುಂದಕ್ಕೆ ದೂಡುವ ಅನಿಲದ ಒತ್ತಡವೇ ಖಾಲಿ ಕೋಶವನ್ನು ಹಿಂದಕ್ಕೂ ಒತ್ತುತ್ತದೆ. ಬೀಗವಿಲ್ಲದ ಬೋಲ್ಟ್ ತನ್ನ ಭಾರ ಮತ್ತು ಸ್ಪ್ರಿಂಗಿನ ಬಿಗುವಿನಿಂದ ಒಂದಿಷ್ಟು ತಡೆದು ನಂತರ ಹಿಂದೆ ಸರಿಯುತ್ತದೆ. ಖಾಲಿ ಕೋಶ ಬಲಕ್ಕೆ ಹಾರಿ, ಬೋಲ್ಟ್ ಮರಳಿ ಬರುವಾಗ ಮುಂದಿನ ತೋಟಾವನ್ನು ನಳಿಕೆಯೊಳಗೆ ದೂಡುತ್ತದೆ. ಆದರೂ ಒಂದು ಗುಂಡಿಗೆ ಒಂದು ಸಲ ಟ್ರಿಗರ್ ಎಳೆಯಲೇಬೇಕು. ಅರೆ ಸ್ವಯಂಚಾಲಿತ ಎಂಬ ಮಾತಿನ ಅರ್ಥ ಇದೇ.

ನನ್ನ ದೃಷ್ಟಿಯಲ್ಲಿ ಈ ರೈಫಲ್‌ನ ಜೀವಾಳ ಅದರ ಮ್ಯಾಗಝೀನ್, ಅಂದರೆ ತೋಟಾಗಳನ್ನು ತುಂಬಿಡುವ ಡಬ್ಬಿ. ಅಂಚು ಚಾಚಿದ ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದರ ಅಂಚು ಇನ್ನೊಂದರ ಅಂಚಿಗೆ ಸಿಕ್ಕಿಕೊಳ್ಳುವುದು ಈ ಜಾತಿಯ ರೈಫಲ್‌ಗಳ ಹಳೆಯ ಪೀಡೆ. ಆ ಕಾಲದ ಅನೇಕ ಪಾಯಿಂಟ್ 22 ರೈಫಲ್‌ಗಳು ನಳಿಕೆಯ ಕೆಳಗೆ ಉದ್ದನೆಯ ಕೊಳವೆಯಿಟ್ಟು ಇದನ್ನು ತಪ್ಪಿಸಿಕೊಂಡವು. 1960ರಲ್ಲಿ ಬಂದು ಬಹಳ ಜನಪ್ರಿಯವಾದ ಮಾರ್ಲಿನ್ ಮಾಡೆಲ್ 60 ಅಂಥದ್ದೇ. ರೂಗರ್ ಬೇರೆ ದಾರಿ ಹಿಡಿಯಿತು. ಡಬ್ಬಿಯೊಳಗೆ ತಿರುಗುವ ಒಂದು ಚಕ್ರ, ಚಕ್ರದಲ್ಲಿ ಪ್ರತಿ ತೋಟಾಕ್ಕೂ ಒಂದೊಂದು ತೋಡು, ಮೇಲೆ ಬಂದ ತೋಟಾವನ್ನು ಹಿಡಿದು ನಿಲ್ಲಿಸಲು ಉಕ್ಕಿನ ತುಟಿಗಳು. ಹೀಗಾಗಿ ತೋಟಾಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಡಬ್ಬಿ ರೈಫಲ್‌ನ ಹೊಟ್ಟೆಯೊಳಗೇ ಅಡಗಿಕೊಳ್ಳುವುದರಿಂದ, ತೂಕ ಸಮನಾಗಿ ನಿಲ್ಲುವ ಜಾಗದಲ್ಲಿ ಕೈಯಿಟ್ಟು ಎತ್ತಿದಾಗ ಏನೂ ಚುಚ್ಚುವುದಿಲ್ಲ. 25 ತೋಟಾ ಹಿಡಿಯುವ ಉದ್ದನೆಯ ಮ್ಯಾಗಝೀನನ್ನೂ ಕಂಪನಿ ಈಗ ಮಾರುತ್ತದೆ, ಹಲವು ರಾಜ್ಯಗಳಲ್ಲಿ ಅದು ನಿಷಿದ್ಧ. ಕಲಿಯುವವರಿಗೆ ಅದು ಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವಾಗ ಮರದ ಹಿಡಿ ಮತ್ತು ಸುಮಾರು ಹದಿನೆಂಟೂವರೆ ಇಂಚಿನ ನಳಿಕೆ ಇರುವ ಸಾದಾ ಕಾರ್ಬೈನ್ (ಗಿಡ್ಡ ನಳಿಕೆಯ ರೈಫಲ್) ಮಾದರಿಯೇ ಸಾಕು. ಅದರ ತೂಕ ಸುಮಾರು 5 ಪೌಂಡ್, ಎಂದರೆ ಎರಡೂಕಾಲು ಕಿಲೋ. ಎರಡು ತುಂಡಾಗಿ ಬಿಡಿಸಿ ಚೀಲದಲ್ಲಿಡಬಹುದಾದ ಟೇಕ್‌ಡೌನ್ ಮಾದರಿ 2012ರಿಂದ ಸಿಗುತ್ತಿದೆ. ಪ್ರಯಾಣ ಮಾಡುವವರಿಗೂ ನಳಿಕೆಯನ್ನು ಹಿಂಬದಿಯಿಂದ ಶುಚಿ ಮಾಡಬಯಸುವವರಿಗೂ ಅದು ಅನುಕೂಲ. ಹಳೆಯ ರೈಫಲ್ ಕೊಳ್ಳುವುದಾದರೆ ನಳಿಕೆಯ ಬಾಯಿಯ ಅಂಚು ಜಜ್ಜಿದೆಯೇ, ಮ್ಯಾಗಝೀನ್ ಸಡಿಲವಾಗಿ ಅಲ್ಲಾಡುತ್ತದೆಯೇ ಎಂದು ನೋಡಬೇಕು. ಭುಜಕ್ಕಿಟ್ಟು ಕಣ್ಣು ಮುಚ್ಚಿ, ಕೆನ್ನೆಯನ್ನು ಹಿಡಿಯ ಮೇಲೆ ಊರಿ, ಕಣ್ಣು ತೆರೆದಾಗ ಸೈಟು ನೇರವಾಗಿ ಕಾಣುವಂತಿದ್ದರೆ ಅಳತೆ ಸರಿಹೊಂದಿದೆ ಎಂದು ತಿಳಿಯಬಹುದು. ತೋಟಾಗಳನ್ನು ಮಾತ್ರ ಒಂದೇ ಕಂಪನಿಯದನ್ನು ರಾಶಿಯಾಗಿ ತರಬಾರದು. ನಾಲ್ಕೈದು ಬಗೆಯ ಸಣ್ಣ ಡಬ್ಬಿಗಳನ್ನು ತಂದು, ಒಂದೊಂದರಿಂದ ಐದು ಗುಂಡು ಹೊಡೆದು, ತೂತುಗಳು ಯಾವುದರಲ್ಲಿ ಹೆಚ್ಚು ಒತ್ತಾಗಿ ಬೀಳುತ್ತವೆ ಎಂದು ಹೋಲಿಸಬೇಕು. ಒಂದೇ ಕಾರ್ಖಾನೆಯಿಂದ ಬಂದ ಎರಡು ರೈಫಲ್‌ಗಳಿಗೂ ರುಚಿ ಬೇರೆ ಬೇರೆ. ಶಬ್ದದ ವೇಗಕ್ಕಿಂತ ನಿಧಾನವಾದ ತೋಟಾಗಳು ಕೆಲವೊಮ್ಮೆ ಬೋಲ್ಟನ್ನು ಪೂರ್ತಿ ಹಿಂದಕ್ಕೆ ದೂಡಲಾರವು ಎಂಬುದನ್ನೂ ನೆನಪಿಡಬೇಕು.

ರೇಂಜಿನಲ್ಲಿ ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದೆ ಗುಂಡು ಹಾರಿಸುವ ಗೆರೆಯ ಬಳಿ ಹೋಗಬಾರದು. ಪುಟ್ಟ ತೋಟಾ ಎಂಬ ಸದರ ಇಲ್ಲಿ ಅಪಾಯಕಾರಿ: ಮೇಲ್ಮುಖವಾಗಿ ಹಾರಿದ ಈ ಗುಂಡು ಸುಮಾರು ಒಂದೂವರೆ ಮೈಲಿ ಹೋಗಬಲ್ಲದು, ಹತ್ತಿರದಲ್ಲಿ ಮನುಷ್ಯನ ಪ್ರಾಣ ತೆಗೆಯಲು ಸಂಪೂರ್ಣ ಸಮರ್ಥ. ಆದ್ದರಿಂದ ನಳಿಕೆಯ ಮುಖ ಸದಾ ಗುರಿಯ ಕಡೆಗೇ ಇರಬೇಕು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು, ಗುರಿಯ ಹಿಂದೆ ಮಣ್ಣಿನ ದಿಬ್ಬವಿರಬೇಕು. ಈ ರೈಫಲ್‌ಗೇ ವಿಶೇಷವಾದ ಒಂದು ಎಚ್ಚರಿಕೆಯೂ ಇದೆ. ಕೊನೆಯ ಗುಂಡು ಹಾರಿದ ಮೇಲೆ ಬೋಲ್ಟ್ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ತುಂಬಿದ ರೈಫಲ್‌ಗೂ ಖಾಲಿ ರೈಫಲ್‌ಗೂ ವ್ಯತ್ಯಾಸವೇ ತಿಳಿಯದು. ಹಾಗಾಗಿ ಪ್ರತಿ ಸಲವೂ ಮ್ಯಾಗಝೀನ್ ತೆಗೆದು, ಬೋಲ್ಟನ್ನು ಹಿಂದಕ್ಕೆಳೆದು ಕೆಳಗಿನ ಸಣ್ಣ ಸನ್ನೆಯಿಂದ ಅದನ್ನು ತಡೆದು ನಿಲ್ಲಿಸಿ, ಒಳಗೆ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಆ ಕ್ರಮವೂ ಹೀಗೆಯೇ ಇರಬೇಕು: ಮೊದಲು ಮ್ಯಾಗಝೀನ್, ನಂತರ ಬೋಲ್ಟ್. ತಿರುವುಮುರುವಾದರೆ ಬೋಲ್ಟ್ ಮರಳುವಾಗ ಇನ್ನೊಂದು ತೋಟಾ ಒಳಗೆ ಹೋಗಿ ಕೂರುತ್ತದೆ.

ಗುರಿಯನ್ನು ಮೊದಲು 25 ಗಜದಲ್ಲಿ ನೆಡಬೇಕು. ಮ್ಯಾಗಝೀನಿಗೆ ಹತ್ತು ತೋಟಾ ಹಿಡಿಸುತ್ತದೆಂದು ಹತ್ತನ್ನೂ ತುಂಬುವುದು ಹೊಸಬರು ಮಾಡುವ ಮೊದಲ ತಪ್ಪು. ಟ್ರಿಗರ್ ಎಳೆದಷ್ಟೂ ಗುಂಡು ಹಾರುವ ಸುಖಕ್ಕೆ ಮನಸ್ಸು ಮರುಳಾಗಿ, ಅರ್ಧ ನಿಮಿಷದಲ್ಲಿ ಹತ್ತು ತೂತು ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ, ಯಾವ ತೂತು ಯಾವ ತಪ್ಪಿನಿಂದ ಬಿತ್ತೆಂದು ಹೇಳುವಂತಿರುವುದಿಲ್ಲ. ಮೊದಲ ದಿನ ಒಂದೊಂದೇ ತೋಟಾ ತುಂಬಿ ಹೊಡೆಯಿರಿ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಮುಂದಿನ ಸೈಟಿನ ಮೇಲೆ ದೃಷ್ಟಿ ನೆಟ್ಟು, ಟ್ರಿಗರನ್ನು ನೇರ ಹಿಂದಕ್ಕೆ ಒಂದೇ ಸಮನೆ ಒತ್ತಿ, ಗುಂಡು ಹಾರಿದ ಮೇಲೂ ಒಂದು ಕ್ಷಣ ಬೆರಳನ್ನು ಹಾಗೆಯೇ ಹಿಡಿದಿಡಿ. ಈ ಕೊನೆಯ ಕ್ಷಣವೇ ಪಾಯಿಂಟ್ 22 ಕಲಿಸುವ ದೊಡ್ಡ ಪಾಠ, ಏಕೆಂದರೆ ನಿಧಾನಗತಿಯ ಗುಂಡು ನಳಿಕೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಕೈ ಅಲುಗಿದರೆ ಅದರ ಲೆಕ್ಕ ಕಾಗದದ ಮೇಲೆ ಬರುತ್ತದೆ. ತೂತುಗಳು ಒಂದೇ ಕಡೆ ಒತ್ತಾಗಿ ಬೀಳತೊಡಗಿದ ಮೇಲಷ್ಟೇ ಸೈಟನ್ನು ಸರಿಪಡಿಸಿ, ಐದೈದು ತೋಟಾ ತುಂಬಿ, ದೂರವನ್ನು 50 ಗಜಕ್ಕೆ ಹೆಚ್ಚಿಸಬೇಕು. 50 ಗಜಕ್ಕೆ ಸರಿಹೊಂದಿಸಿದ ರೈಫಲ್‌ನ ಗುಂಡು 100 ಗಜದಲ್ಲಿ ಆರೇಳು ಇಂಚು ಕೆಳಗೆ ಬೀಳುತ್ತದೆ. ಆ ಇಳಿತವನ್ನು ಎಣಿಸಿ ಹೊಡೆಯುವುದು ಮುಂದಿನ ತರಗತಿಯ ವಿದ್ಯೆ. ಅಮೆರಿಕದ ಅನೇಕ ಊರುಗಳಲ್ಲಿ ಪ್ರಾಜೆಕ್ಟ್ ಆಪಲ್‌ಸೀಡ್ ಎಂಬ ಸ್ವಯಂಸೇವಕರ ಬಳಗ ನಡೆಸುವ ವಾರಾಂತ್ಯದ ತರಗತಿಗಳಲ್ಲಿ 25 ಗಜದ ದೂರದಲ್ಲೇ ನಿಂತು, ಕೂತು, ಮಲಗಿ ಹೊಡೆಯುವುದನ್ನು ಕಲಿಸುತ್ತಾರೆ, ಮತ್ತು ಅಲ್ಲಿ ಸಾಲಾಗಿ ಕಾಣುವ ರೈಫಲ್ ಬಹುತೇಕ ಇದೇ.

ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಕೂಡಲೇ ಬೋಲ್ಟ್ ತೆರೆಯಬೇಡಿ. ನಳಿಕೆಯನ್ನು ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಕಿಡಿ ತಡವಾಗಿ ಹತ್ತುವುದುಂಟು. ಸದ್ದು ಎಂದಿಗಿಂತ ಕುಗ್ಗಿ ಬಂದರೆ ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಖಾಲಿ ಮಾಡಿ ನಳಿಕೆಯ ಒಳಗನ್ನು ಪರೀಕ್ಷಿಸುವವರೆಗೆ ಮುಂದಿನ ಗುಂಡು ಹೊಡೆಯಲೇಬಾರದು.

ಶುಚಿ ಮಾಡುವ ಕೆಲಸದಲ್ಲೂ ಇದರ ವಿನ್ಯಾಸದ ಸರಳತೆ ಕಾಣುತ್ತದೆ. ಸಾದಾ ಕಾರ್ಬೈನಿನಲ್ಲಿ ನಳಿಕೆಯ ಪಟ್ಟಿಯನ್ನು ಸಡಿಲಿಸಿ, ಹಿಡಿಯ ಒಂದೇ ಸ್ಕ್ರೂ ಬಿಚ್ಚಿ, ಸುರಕ್ಷತಾ ಗುಂಡಿಯನ್ನು ಎರಡೂ ಕಡೆಗಲ್ಲದೆ ನಟ್ಟನಡುವೆ ನಿಲ್ಲಿಸಿದರೆ ರೈಫಲ್ ಮರದಿಂದ ಹೊರಬರುತ್ತದೆ. ಎರಡು ಪಿನ್ನು ತಳ್ಳಿದರೆ ಟ್ರಿಗರಿನ ಇಡೀ ಪೆಟ್ಟಿಗೆ ಕೈಗೆ ಬರುತ್ತದೆ. ಹಿಂಬದಿ ಮುಚ್ಚಿರುವುದರಿಂದ ನಳಿಕೆಯನ್ನು ಉಜ್ಜಲು ಕಬ್ಬಿಣದ ಕಡ್ಡಿಯನ್ನು ಬಾಯಿಯ ಕಡೆಯಿಂದ ತೂರಿಸುವುದಕ್ಕಿಂತ ಹಗ್ಗದಂತಹ ಎಳೆಬ್ರಷ್ಷನ್ನು ಹಿಂದಿನಿಂದ ಎಳೆಯುವುದು ಉತ್ತಮ. ನಳಿಕೆಯ ಬಾಯಿ ಸವೆದರೆ ಗುರಿಯೂ ಕೆಡುತ್ತದೆ. ಗುಂಡು ಸೀಸದ್ದಾದ್ದರಿಂದ ಕೆಲಸ ಮುಗಿದ ಮೇಲೆ, ಊಟಕ್ಕೆ ಮೊದಲು, ಸೋಪಿನಿಂದ ಕೈ ತೊಳೆಯಲೇಬೇಕು. ಖಾಲಿ ರೈಫಲ್‌ನ ಟ್ರಿಗರ್ ಎಳೆದು ಅಭ್ಯಾಸ ಮಾಡುವುದು ಬಹಳಷ್ಟು ರಿಮ್‌ಫೈರ್‌ಗಳಿಗೆ ಹಾನಿಕರ, 10/22ಗೆ ಮಾತ್ರ ಕಂಪನಿಯೇ ಅನುಮತಿ ಕೊಟ್ಟಿದೆ.

ಬಿಡಿಭಾಗಗಳ ಮೋಹಕ್ಕೆ ಈ ರೈಫಲ್ ಬಹಳ ಅವಕಾಶ ಕೊಡುತ್ತದೆ. ನಳಿಕೆಯನ್ನು ಹಿಡಿದಿರುವುದು ಇಂಗ್ಲಿಷಿನ ವಿ ಆಕಾರದ ಒಂದು ತುಂಡು ಮತ್ತು ಎರಡು ಸ್ಕ್ರೂ ಮಾತ್ರ. ಅದನ್ನು ಮನೆಯಲ್ಲೇ ಬದಲಿಸಬಹುದು. ಬೇರೆ ಬೇರೆ ಕಂಪನಿಗಳ ಭಾಗಗಳನ್ನೇ ಜೋಡಿಸಿ, ರೂಗರ್ ಕಾರ್ಖಾನೆಯ ಒಂದು ಮೊಳೆಯೂ ಇಲ್ಲದ 10/22 ಕಟ್ಟಿಕೊಂಡವರೂ ಇದ್ದಾರೆ. ಆದರೆ ಕೆಲವು ಬದಲಾವಣೆಗಳನ್ನು ಕೆಲವು ರಾಜ್ಯಗಳು ನಿಷೇಧಿಸಿರುವುದರಿಂದ ಮೊದಲು ವಿಚಾರಿಸಬೇಕು. ಸಾವಿರ ಗುಂಡು ಹೊಡೆಯುವ ಮುನ್ನ ಏನನ್ನೂ ಬದಲಿಸಬೇಡಿ ಎಂಬುದು ನನ್ನ ಸಲಹೆ. ಅಷ್ಟಾದ ಮೇಲೆ ಬದಲಿಸುವುದಾದರೆ ಮೊದಲು ಟ್ರಿಗರ್, ಏಕೆಂದರೆ ಕಾರ್ಖಾನೆಯಿಂದ ಬರುವುದು ಬಿಗಿ. ರೂಗರ್‌ನದೇ ಬಿಎಕ್ಸ್ ಟ್ರಿಗರ್ ಎರಡೂಮುಕ್ಕಾಲು ಪೌಂಡಿನಷ್ಟು ಒತ್ತಡಕ್ಕೆ ಬಿಡುತ್ತದೆ ಮತ್ತು ಅದನ್ನು ಕೂರಿಸಲು ಅದೇ ಎರಡು ಪಿನ್ನು ತಳ್ಳಿದರೆ ಸಾಕು.

ಮನೆಗೆ ಬಂದ ಮೇಲೆ ಮತ್ತೊಮ್ಮೆ ಮ್ಯಾಗಝೀನ್ ತೆಗೆದು, ಬೋಲ್ಟ್ ಎಳೆದು, ಬೆರಳಿನಿಂದ ಮುಟ್ಟಿ ನೋಡಿ, ರೈಫಲನ್ನು ಬೀಗವಿರುವ ಉಕ್ಕಿನ ಪೆಟ್ಟಿಗೆಯಲ್ಲಿಡಬೇಕು. ತೋಟಾಗಳು ಬೇರೆ ಬೀಗದಲ್ಲಿರಬೇಕು. ಮಕ್ಕಳಿರುವ ಮನೆಯಲ್ಲಿ ಆ ಎರಡೂ ಕೀಲಿಗಳು ಹಿರಿಯರ ಮೈಮೇಲೇ ಇರಬೇಕು, ಮೇಜಿನ ಖಾನೆಯಲ್ಲಲ್ಲ.